ಅಂಕ ಕಡಿದರೆ ಪುಟ ತಿರುಗೀತು, ಅರ್ಥ ತಿಳಿಯದು

ತರಗತಿಗೆ ಓದಿಕೊಂಡು ಬಾರದ ಕಾಲೇಜು ವಿದ್ಯಾರ್ಥಿಗಳ ಅಂಕ ಕಡಿಯಬೇಕು ಎಂದು ಲೇಖನವೊಂದರಲ್ಲಿ ಅದರ ಲೇಖಕರು ಕೊಟ್ಟ ಸಲಹೆಯನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ನಾನೂ ಅಧ್ಯಾಪಕಿ. ನಲವತ್ತು ಪುಟ ಓದಲು ಹೇಳಿ, ಮರುದಿನ ಅವುಗಳ ಸಾರವನ್ನೆಲ್ಲ ನಾವೇ ಒಪ್ಪಿಸಿಬಿಟ್ಟರೆ ಅವರು ಏಕೆ ಓದಬೇಕು? ಓದದೆಯೂ ನಡೆಯುತ್ತದೆ ಎಂಬ ಪಾಠವನ್ನು ಕಲಿಸಿದವರು ನಾವೇ.

ನಾನು ಸಾರ ಹೇಳುವುದನ್ನು ನಿಲ್ಲಿಸಿದೆ. ಪುಟಗಳನ್ನು ಕಡಿಮೆ ಮಾಡಿ, ಜೊತೆಗೊಂದು ಪ್ರಶ್ನೆ ಕೊಡುತ್ತೇನೆ: ಈ ವಾದ ಎಲ್ಲಿ ಸಡಿಲವಾಗಿದೆ? ಹುಡುಕುವುದೇನೆಂದು ಗೊತ್ತಿದ್ದವರ ಓದೇ ಬೇರೆ. ತರಗತಿಯ ಮೊದಲ ಐದು ನಿಮಿಷ ಪುಸ್ತಕ ಮುಚ್ಚಿಟ್ಟು, ನೆನಪಿದ್ದುದನ್ನು ಬರೆಯಬೇಕು. ಇದಕ್ಕೆ ಅಂಕವಿಲ್ಲ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಓದಿದ್ದನ್ನೇ ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಆದರೆ ಒಂದು ವಾರದ ನಂತರ, ನೆನಪಿನಿಂದ ಬರೆದು ಅಭ್ಯಾಸ ಮಾಡಿದವರೇ ಹೆಚ್ಚು ಉಳಿಸಿಕೊಂಡಿದ್ದರು. ಪುಟವೆಲ್ಲ ಹಳದಿಯಾಗುವಂತೆ ಗೆರೆ ಎಳೆಯುವವರಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ. ಗೆರೆ ಎಳೆದಾಗ ಪರಿಚಯದ ಭಾವ ಹುಟ್ಟುತ್ತದೆ, ಅದನ್ನೇ ತಿಳಿವಳಿಕೆ ಎಂದುಕೊಳ್ಳುತ್ತೇವೆ.

ಇನ್ನೊಂದು ಮಾತು. ಓದದವರೆಲ್ಲ ಸೋಮಾರಿಗಳಲ್ಲ. ವಿದ್ವತ್ ಬರಹದ ಉದ್ದ ವಾಕ್ಯಗಳ ನಡುವೆ ದಾರಿ ತಪ್ಪಿ, ಕೇಳಲು ಸಂಕೋಚಪಟ್ಟು ಕೈಬಿಟ್ಟವರನ್ನು ನಾನು ಬಹಳ ನೋಡಿದ್ದೇನೆ. ಅವರಿಗಾಗಿ ಮೊದಲ ಎರಡು ಪುಟಗಳನ್ನು ತರಗತಿಯಲ್ಲೇ ಜೊತೆಯಾಗಿ ಓದುತ್ತೇವೆ. ಎಲ್ಲಿ ನಿಲ್ಲಬೇಕು, ಯಾವ ಪದವನ್ನು ಸದ್ಯಕ್ಕೆ ಬಿಟ್ಟು ಮುಂದೆ ಹೋಗಬಹುದು ಎಂದು ತೋರಿಸಿದ ಮೇಲೆ, ಉಳಿದ ಪುಟಗಳನ್ನು ಹೆಚ್ಚಿನವರು ತಾವಾಗಿಯೇ ಮುಗಿಸಿ ಬರುತ್ತಾರೆ.