ಯಾರೂ ಸಾಯದ, ಅಕ್ಷರ ದೊಡ್ಡದಿರುವ ಒಂದು ಪುಸ್ತಕ

ಕೊಡಗಿನಲ್ಲಿ ಓದುಗರು ಜೂನ್‌ನಲ್ಲಿ ಚಿಗುರಿ ಡಿಸೆಂಬರ್‌ಗೆ ಉದುರಿಹೋಗುತ್ತಾರೆ. ಕಾಫಿ ಹಣ್ಣಾಗತೊಡಗಿದ ಮೇಲೆ ಇಲ್ಲಿ ಯಾರೂ ಆಳುಗಳ ಹಾಜರಿ ಪುಸ್ತಕವಾದ ಚೆಕ್‌ರೋಲ್ ಬಿಟ್ಟು ಬೇರೇನನ್ನೂ ಓದುವುದಿಲ್ಲ. ಕುಯ್ಲು ಮುಗಿದರೆ ಹೂಮಳೆ ಬರಲಿಲ್ಲವೆಂಬ ಚಿಂತೆ, ಬಂದರೆ ಸಾಲದಾಯಿತೆಂಬ ಚಿಂತೆ. ಮುಂಗಾರು ಹಿಡಿದು, ತಂತಿಯ ಮೇಲೆ ಮರ ಬಿದ್ದು ಕರೆಂಟ್ ಹೋಗಿ, ಅದರ ಹಿಂದೆಯೇ ಮೊಬೈಲ್ ಸಿಗ್ನಲ್ಲೂ ಹೊರಟುಹೋದ ಮೇಲೆ, ನಾಪೋಕ್ಲು ಕಡೆಯ ನಮ್ಮ ನೆಂಟರಿಷ್ಟರಿಗೆಲ್ಲ ನನ್ನ ಮನೆಯಲ್ಲಿ ಪುಸ್ತಕದ ಬೀರುಗಳಿರುವುದು ಥಟ್ಟನೆ ನೆನಪಾಗುತ್ತದೆ. ಕೊಡೆಯನ್ನು ಜಗಲಿಗೆ ಒರಗಿಸಿ, ಕಾಲಿನಿಂದ ಜಿಗಣೆ ಕಿತ್ತು ಹಾಕುತ್ತ, “ಯಾವುದಾದರೂ ಒಳ್ಳೆಯ ಪುಸ್ತಕ ಇದ್ದರೆ ಕೊಡು” ಎನ್ನುತ್ತಾರೆ.

ಬಂದವರಿಗೆ ಏನು ಬೇಕೆಂದು ಗೊತ್ತಿರುವುದಿಲ್ಲ. ಏನು ಬೇಡ ಎಂಬುದರಲ್ಲಿ ಮಾತ್ರ ಅವರು ಬಹಳ ಖಚಿತ. ನಮ್ಮ ಊರಿನಲ್ಲಿ ನನಗೊಬ್ಬರು ಪ್ರತಿಸ್ಪರ್ಧಿಯಿದ್ದಾರೆ. ಯಾರು ಕೇಳಿದರೂ ಅವರು ಕನ್ನಡಕ್ಕೆ ಬಂದ ಎಂಟು ಜ್ಞಾನಪೀಠಗಳ ಪಟ್ಟಿಯನ್ನು ಒಂದೇ ಉಸಿರಿಗೆ ಒಪ್ಪಿಸಿ ಕಳುಹಿಸಿಬಿಡುತ್ತಾರೆ. ಎದುರಿಗೆ ನಿಂತವರು ಹತ್ತನೆಯ ತರಗತಿಯ ಹುಡುಗನೋ, ಕಣ್ಣಿನ ಪೊರೆ ತೆಗೆಸಿಕೊಂಡ ಅಜ್ಜಿಯೋ ಎಂದು ತಲೆಯೆತ್ತಿ ನೋಡುವುದೂ ಇಲ್ಲ. ನಾನು ಹಾಗಲ್ಲ. ನಾನು ವಿಚಾರಣೆ ಮಾಡಿಯೇ ಪುಸ್ತಕ ಕೊಡುವವಳು. ಆಮೇಲೆ ಆಗುವ ಅನಾಹುತಗಳಿಗೆ ಪುಸ್ತಕ ಹೊಣೆ ಅಥವಾ ಓದಿದವರು ಹೊಣೆ; ನಡುವಿನವಳನ್ನು ಎಳೆಯುವುದು ನ್ಯಾಯವಲ್ಲ.

ಸೈನ್ಯದಿಂದ ನಿವೃತ್ತರಾದ ನಮ್ಮ ಚಿಕ್ಕಪ್ಪನನ್ನೇ ತೆಗೆದುಕೊಳ್ಳಿ. ಅವರ ಷರತ್ತುಗಳು ನಾಲ್ಕು. ಯಾರೂ ಸಾಯಬಾರದು. ಯಾರೂ ಅಳಬಾರದು. ಅಕ್ಷರ ದೊಡ್ಡದಿರಬೇಕು. ಗಂಡಹೆಂಡಿರ ಜಗಳ ಇರಬಾರದು, ಅದು ಮನೆಯಲ್ಲಿಯೇ ಇದೆ. ಈ ನಾಲ್ಕನ್ನೂ ಪಾಲಿಸಿದರೆ ಕನ್ನಡದಲ್ಲಿ ಉಳಿಯುವುದು ಅಡುಗೆ ಪುಸ್ತಕ ಮತ್ತು ಪಂಚಾಂಗ. ಅದರಲ್ಲೂ ಪಂಚಾಂಗದ ಅಕ್ಷರ ಸಣ್ಣದು. ಯೋಚಿಸಿ ಯೋಚಿಸಿ ತೇಜಸ್ವಿಯವರ ‘ಕರ್ವಾಲೊ’ ಕೊಟ್ಟೆ. 1980ರಲ್ಲಿ ಬಂದ ಕಾದಂಬರಿ, ಕೈಗೆ ಹಗುರ, ಮೂಡಿಗೆರೆಯ ಕಡೆಯ ಕಾಡುಮೇಡು, ಜೇನು, ನಾಯಿ, ಹಾರುವ ಓತಿಯನ್ನು ಹುಡುಕಿಕೊಂಡು ಹೊರಡುವ ವಿಚಿತ್ರ ದಂಡು. ತೋಟದವರಿಗೆ ಇದು ಹಿಡಿಸದಿದ್ದರೆ ಇನ್ನೇನು ಹಿಡಿಸೀತು?

ಹಿಡಿಸಿತು, ಅಳತೆ ಮೀರಿ. ಮುಗಿಸಿದ ರಾತ್ರಿಯೇ ಚಿಕ್ಕಪ್ಪ ಮಳೆಕೋಟು ಹಾಕಿ, ಟಾರ್ಚ್ ಹಿಡಿದು, ಸಿಲ್ವರ್ ಮರಗಳ ಕಾಂಡವನ್ನು ಬುಡದಿಂದ ತುದಿಯವರೆಗೆ ತಪಾಸಣೆ ಮಾಡತೊಡಗಿದರು. ಹಾರುವ ಓತಿ ಕೊಡಗಿನಲ್ಲಿಯೂ ಇರುವುದು ನಿಜ. ಪಕ್ಕೆಲುಬುಗಳು ಹಿಡಿದು ನಿಲ್ಲಿಸುವ ಚರ್ಮವನ್ನು ರೆಕ್ಕೆಯಂತೆ ಬಿಚ್ಚಿಕೊಂಡು ಮರದಿಂದ ಮರಕ್ಕೆ ತೇಲುವ, ಇರುವೆ ತಿಂದು ಬದುಕುವ ಸಾಧು ಜೀವಿ. ಆದರೆ ಅದು ಹಗಲಿನ ಪ್ರಾಣಿ. ಇದನ್ನು ಹೇಳಲು ನಾನು ಫೋನ್ ಮಾಡಿದಾಗ ಎತ್ತಿದ್ದು ಚಿಕ್ಕಮ್ಮ. “ಆನೆ ತಿರುಗುವ ಹೊತ್ತಿನಲ್ಲಿ ಮನುಷ್ಯ ಹಲ್ಲಿ ಹುಡುಕುತ್ತಿದ್ದಾನೆ. ನೀನು ಕೊಟ್ಟದ್ದು ಪುಸ್ತಕವೋ, ಮಂತ್ರಿಸಿದ ಬೂದಿಯೋ?” ಎಂದು ಶುರುಮಾಡಿದವರು ನನಗೆ ಓತಿಯ ದಿನಚರಿ ಹೇಳಲು ಎಡೆಯನ್ನೇ ಕೊಡಲಿಲ್ಲ. ಮನೆಯಲ್ಲಿ ಇದೆಯೆಂದಿದ್ದ ಆ ಜಗಳಕ್ಕೂ ಅಂದು ಹೊಸ ಅಧ್ಯಾಯ ಸೇರಿತು.

ಅಣ್ಣನ ಮಗಳದು ಇನ್ನೊಂದು ಕತೆ. ಮೊಬೈಲ್ ಸತ್ತಿರುವಷ್ಟು ಹೊತ್ತು ಮಾತ್ರ ಓದುತ್ತೇನೆ, ಸಣ್ಣದಿರಲಿ ಎಂದಳು. ಕೊಡಗಿನ ಗೌರಮ್ಮನವರ ಕತೆಗಳನ್ನು ಕೊಟ್ಟೆ. ಮಡಿಕೇರಿಯಲ್ಲಿ 1912ರಲ್ಲಿ ಹುಟ್ಟಿ, 1939ರಲ್ಲಿ, ಇಪ್ಪತ್ತೇಳರ ಹರೆಯದಲ್ಲಿ ನೀರಿಗೆ ಸಿಕ್ಕಿ ತೀರಿಹೋದ ಈ ಹೆಣ್ಣುಮಗಳು ವಿಧವೆಯರ ಬಗೆಗೆ, ಮದುವೆಗಳ ಒಳಗಿನ ಸುಳ್ಳುಗಳ ಬಗೆಗೆ ಬರೆದದ್ದನ್ನು ಇಂದು ಓದಿದರೂ ಕೆಲವು ಹಿರಿಯರು ಕುರ್ಚಿಯಲ್ಲಿ ಸರಿದು ಕೂರುತ್ತಾರೆ. ಹುಡುಗಿಗೆ ಕತೆಗಳೂ ಹಿಡಿಸಿದವು. ಆದರೆ ಅವಳ ತಲೆಗೆ ಹತ್ತಿದ್ದು, 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಗೌರಮ್ಮ ತಮ್ಮ ಒಡವೆಗಳನ್ನು ಬಿಚ್ಚಿಕೊಟ್ಟರೆಂದು ನಾನು ಮಾತಿನ ಭರದಲ್ಲಿ ಸೇರಿಸಿದ ಸಂಗತಿ. ಮುಂದಿನ ವಾರ ನೆಂಟರ ಮದುವೆಗೆ ಹೊರಟಾಗ ಅವಳು ಒಂದು ಗುಲಗಂಜಿ ಚಿನ್ನವನ್ನೂ ಮೈಮೇಲೆ ಹಾಕಿಕೊಳ್ಳಲು ಒಪ್ಪಲಿಲ್ಲವಂತೆ. “ಆ ಮದುವೆಗೆ ಗಾಂಧೀಜಿ ಬರುತ್ತಾರೇನೇ?” ಎಂದು ಅತ್ತಿಗೆ ಕೇಳಿದ ಪ್ರಶ್ನೆಗೆ ಮಗಳು ಉತ್ತರ ಕೊಡಲಿಲ್ಲ. ಅತ್ತಿಗೆ ನನ್ನೊಡನೆ ಮಾತಾಡಲಿಲ್ಲ.

ಅದೇ ಮದುವೆಯಲ್ಲಿ ಇನ್ನೊಂದು ರಂಪ ನಡೆಯಿತು. ಹೋಂಸ್ಟೇ ಇಟ್ಟಿರುವ ದೊಡ್ಡಮ್ಮನ ಮಗ, ಬೆಂಗಳೂರಿನ ಅತಿಥಿಗಳಿಗೆ ಊರಿನ ಚರಿತ್ರೆ ತಿಳಿಯುವಂಥದ್ದು ಬೇಕೆಂದು ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಒಯ್ದಿದ್ದ. 1834ರಲ್ಲಿ ಕೊಡಗು ಇಂಗ್ಲಿಷರ ಪಾಲಾದ ಕತೆ. ಮಾಸ್ತಿಯವರಿಗೆ 1983ರ ಜ್ಞಾನಪೀಠ ತಂದ ಕಾದಂಬರಿ. ಹೊರಗಿನವರಿಗೆ ಅದು ಕಾದಂಬರಿ. ನಮ್ಮಲ್ಲಿ ಅದು ಇನ್ನೂ ಇತ್ಯರ್ಥವಾಗದ ಪಾಲುಪಟ್ಟಿಯ ದಾವೆ. ಪುಸ್ತಕ ಅತಿಥಿಗಳ ಕೋಣೆಯನ್ನು ತಲುಪಲೇ ಇಲ್ಲ. ಮೊದಲು ಅವನು ಓದಿದ, ಆಮೇಲೆ ಅವನ ಮಾವ. ರಾಜನನ್ನು ಬಿಟ್ಟು ಇಂಗ್ಲಿಷರ ಕಡೆ ಸೇರಿದ ಮಂತ್ರಿ ಬೋಪಣ್ಣ ಮಾಡಿದ್ದು ಸರಿಯೋ ತಪ್ಪೋ ಎಂಬ ಚರ್ಚೆ ಮದುವೆ ಮಂಟಪದ ಹಿಂಭಾಗದಲ್ಲಿ ಆರಂಭವಾಗಿ, ಕಡಂಬುಟ್ಟು ಪಂದಿಕರಿ ಬಡಿಸುವ ಹೊತ್ತಿಗೆ ಎರಡು ಸಾಲಿನವರು ಎದ್ದು ನಿಲ್ಲುವ ಹಂತಕ್ಕೆ ಬಂತು. ಊಟ ಅವರನ್ನು ಕೂರಿಸಿತು. ಮಾಸ್ತಿಯವರಿಂದ ಅದು ಆಗುತ್ತಿರಲಿಲ್ಲ. ಕೊನೆಗೆ ಯಾರೋ ಅತಿಥಿ ಆ ಪುಸ್ತಕವನ್ನು ಬೆಂಗಳೂರಿಗೆ ಕೊಂಡೊಯ್ದರೆಂದೂ, ಬದಲಿಗೆ ಒಂದು ಚಾರ್ಜರ್ ಮರೆತು ಹೋದರೆಂದೂ ಸುದ್ದಿ ಬಂತು. ಅದು ನನ್ನ ಮೊಬೈಲಿಗೆ ಹೊಂದುವುದಿಲ್ಲ.

ಮರಳಿ ಬಂದವುಗಳ ಸ್ಥಿತಿಯೂ ಹೇಳುವಂತಿಲ್ಲ. ಬೂಷ್ಟು ಹಿಡಿದ ರಟ್ಟು, ಬಚ್ಚಲೊಲೆಯ ಬಳಿ ಒಣಗಿಸಿದ್ದಕ್ಕೆ ಹೊಗೆಯ ವಾಸನೆ, ನಡುವೆ ಗುರುತಿಗೆಂದು ಇಟ್ಟ ರಸಗೊಬ್ಬರದ ರಸೀದಿ. ರಸೀದಿ ಎಲ್ಲಿದೆಯೋ ಅಲ್ಲಿಗೇ ಓದು ನಿಂತಿದೆ ಎಂದು ತಿಳಿಯಬೇಕು.

ಪಕ್ಕದ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಮಾತ್ರ ಬೇರೆ ಜಾತಿಯ ಓದುಗ. ಕಕ್ಕಡ ತಿಂಗಳ ಜಡಿಮಳೆಯಲ್ಲಿ ಬಂದವರು ನೇರವಾಗಿ, “ನಿದ್ರೆ ಬರುವಂಥದ್ದು ಕೊಡಿ ಅಮ್ಮಾ” ಎಂದರು. ಬೀರುವಿನಲ್ಲಿ ಎಲ್ಲಕ್ಕಿಂತ ದಪ್ಪ ಕಂಡದ್ದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’, 1967ರದು. ಅದು ನಿದ್ರೆ ಬರಿಸುವ ಪುಸ್ತಕವಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹೇಳಲಿಲ್ಲ. ಒಳ್ಳೆಯ ಓದುಗನನ್ನು ಹಿಡಿಯಲು ಅಷ್ಟು ಕಪಟ ನಡೆಯುತ್ತದೆ.

ಆ ಕಾದಂಬರಿಯ ಬಾಗಿಲಿನಲ್ಲಿಯೇ ಕುವೆಂಪು, ಇಲ್ಲಿ ಮುಖ್ಯರೆಂದು ಯಾರೂ ಇಲ್ಲ, ಅಮುಖ್ಯರೆಂದೂ ಯಾರೂ ಇಲ್ಲ ಎಂಬ ಅರ್ಥದ ಮಾತನ್ನು ಬರೆದಿದ್ದಾರೆ. ವಿಮರ್ಶಕರು ಅದನ್ನು ದರ್ಶನವೆಂದು ಕರೆದರು. ರೈಟರ್ ಅದನ್ನು ಮೇಲಧಿಕಾರಿಯ ಲಿಖಿತ ಆದೇಶವೆಂದು ಭಾವಿಸಿದರು. ಹಳೆಯ ಚೆಕ್‌ರೋಲ್ ಪುಸ್ತಕದ ಖಾಲಿ ಹಾಳೆಗಳಲ್ಲಿ ಗೆರೆ ಎಳೆದು, ಬಂದ ಪಾತ್ರಗಳಿಗೆಲ್ಲ ಹೆಸರು, ಊರು, ಕೆಲಸ, ಹಾಜರಿ ಎಂದು ಕಲಮು ಹಾಕಿಬಿಟ್ಟರು. ನನಗೆ ಕಣ್ಣಾರೆ ತೋರಿಸಿದ್ದಾರೆ. ನಾಯಿಗುತ್ತಿ: ಕಾಗದ ಸಾಗಣೆ, ಪೂರ್ಣ ದಿನ. ಮುಕುಂದಯ್ಯ: ಹೆಚ್ಚಾಗಿ ಅಲೆದಾಟ, ಅರ್ಧ ದಿನ. ಸಿಂಬಾವಿ ಭರಮೈಹೆಗ್ಗಡೆ: ಮೇಲ್ವಿಚಾರಣೆ, ಎದುರಿಗೆ ಪ್ರಶ್ನೆಯ ಗುರುತು. ಗುತ್ತಿಯ ನಾಯಿ ಹುಲಿಯನಿಗೂ ಪ್ರತ್ಯೇಕ ಸಾಲು. “ಅದು ಆಳಲ್ಲವಲ್ಲ?” ಎಂದೆ. “ಯಾರೂ ಅಮುಖ್ಯರಲ್ಲ ಎಂದು ಬರೆದಿದ್ದಾರೆ” ಎಂದು ನನ್ನನ್ನೇ ತಿದ್ದಿದರು.

ಪುಸ್ತಕದ ಕೊನೆಗೆ ಬಂದಾಗ ಹುಲಿಯನ ಸಾಲಿನಲ್ಲಿ ಅವರು ಏನು ಬರೆದರೆಂದು ನಾನು ಹೇಳುವುದಿಲ್ಲ, ಇನ್ನೂ ಓದಬೇಕಾದವರಿದ್ದಾರೆ. ರೈಟರ್ ಆ ದಿನ ಊಟ ಬಿಟ್ಟರೆಂದು, ಕೂಲಿ ಲೆಕ್ಕದಲ್ಲಿ ಒಬ್ಬ ಆಳಿಗೆ ಎರಡು ಸಲ ಹಾಜರಿ ಹಾಕಿದರೆಂದು ಲೈನ್ ಮನೆಗಳಲ್ಲಿ ಮಾತಾಯಿತು. ಎಸ್ಟೇಟಿನ ಯಜಮಾನರು ದಾರಿಯಲ್ಲಿ ಜೀಪು ನಿಲ್ಲಿಸಿ, “ನಮ್ಮ ರೈಟರ್‌ಗೆ ಪುಸ್ತಕ ಕೊಡುವಾಗ ಸ್ವಲ್ಪ ನೋಡಿ ಕೊಡಿ” ಎಂದು ಬಹಳ ಮರ್ಯಾದೆಯಿಂದ ಬೈದು ಹೋದರು.

ನೋಡಿಯೇ ಕೊಟ್ಟೆ. ಈ ಸಲ ಜನ ಕಡಿಮೆಯಿರುವಂಥದ್ದು: ಶಿವರಾಮ ಕಾರಂತರ ‘ಬೆಟ್ಟದ ಜೀವ’. 1943ರದು. ನಮ್ಮ ಪುಷ್ಪಗಿರಿಯ ಆಚೆ ಮಗ್ಗುಲಿನ, ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ತೋಟ ಎಬ್ಬಿಸಿದ ವೃದ್ಧ ಗೋಪಾಲಯ್ಯ, ಅವರ ಹೆಂಡತಿ ಶಂಕರಮ್ಮ, ಮನೆ ಬಿಟ್ಟುಹೋದ ಮಗನ ಕೊರಗು. ಹಾಜರಿ ಹಾಕಲು ಒಂದು ಹಾಳೆ ಸಾಕು.

ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ರೈಟರ್ ಚೆಕ್‌ರೋಲ್ ಬಗಲಿಗಿಟ್ಟುಕೊಂಡು ಬಂದರು.

“ಆ ಗೋಪಾಲಯ್ಯನವರು ಈ ವಯಸ್ಸಿನಲ್ಲಿಯೂ ಒಂದು ದಿನ ರಜೆ ಮಾಡಿಲ್ಲ ಅಮ್ಮಾ. ಓವರ್‌ಟೈಮ್ ಹಾಕಿದ್ದೇನೆ. ಯಜಮಾನರು ಒಪ್ಪುವುದಿಲ್ಲ, ನೀವೇ ಸಹಿ ಮಾಡಬೇಕು.”

ಮಾಡಿಕೊಟ್ಟೆ.