‘ಅಣ್ಣ, ಕಣ್ಣು ಕೆಂಪಾಗಿದೆ, ಒಂದು ಡ್ರಾಪ್ಸ್ ಕೊಡಿ’

ಬೆಂಗಳೂರಿನ ಯಾವುದೇ ಮೆಡಿಕಲ್ ಶಾಪ್ ಮುಂದೆ ಸ್ವಲ್ಪ ಹೊತ್ತು ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಅಂಗಡಿಯವರು ಕಣ್ಣು ನೋಡುವುದಿಲ್ಲ, ಅವರ ಕೈ ಸೀದಾ ಶೆಲ್ಫಿಗೆ ಹೋಗುತ್ತದೆ. ನಾನು ಪೀಣ್ಯದ ಹತ್ತಿರ ಕಣ್ಣಿನ ಕ್ಲಿನಿಕ್ ನಡೆಸುವವಳು. ನನ್ನ ಹತ್ತಿರ ಬರುವ ಕೆಂಪು ಕಣ್ಣುಗಳಲ್ಲಿ ಬಹಳಷ್ಟು ಆಗಲೇ ಒಂದೆರಡು ಬಾಟಲ್ ಕುಡಿದು ಬಂದಿರುತ್ತವೆ. ಇವತ್ತು ಸ್ವಲ್ಪ ಖಾರವಾಗಿಯೇ ಬರೆಯುತ್ತೇನೆ. ಬೈಯೋದಿದ್ದರೆ ಪೂರ್ತಿ ಓದಿ ಬೈಯಿರಿ.

ಮೊದಲು ಎಲ್ಲರಿಗೂ ಗೊತ್ತಿರುವ ಮದ್ರಾಸ್ ಐ. 2023ರ ಮಳೆಗಾಲದಲ್ಲಿ ರಾಜ್ಯದ ತುಂಬಾ ಹರಡಿತ್ತಲ್ಲ, ಅದೇ. ಹೆಚ್ಚಿನ ಸಲ ಅದು ಅಡಿನೋವೈರಸ್ ಕೆಲಸ. ಆಂಟಿಬಯೋಟಿಕ್ ಡ್ರಾಪ್ಸ್ ವೈರಸ್ಸಿಗೆ ಏನೂ ಮಾಡುವುದಿಲ್ಲ. ಒಂದೆರಡು ವಾರದಲ್ಲಿ ಬಹುತೇಕ ತಾನಾಗಿಯೇ ವಾಸಿಯಾಗುತ್ತದೆ. ತಣ್ಣೀರು ಬಟ್ಟೆ ಇಟ್ಟುಕೊಳ್ಳಿ, ಟವೆಲ್ ಬೇರೆ ಮಾಡಿ, ಕೈ ತೊಳೆಯುತ್ತಿರಿ, ಸಾಕು. ಮುಖ ನೋಡಿದ್ರೆ ಅಂಟುವುದಿಲ್ಲ, ಕೈಯಿಂದ ಅಂಟುತ್ತದೆ. ಆದರೆ ವಾಸಿಯಾದ ಮೇಲೆ ಹೆಸರೆಲ್ಲ ಡ್ರಾಪ್ಸಿಗೆ. ಮಿಕ್ಕಿದ ಅರ್ಧ ಬಾಟಲ್ ಫ್ರಿಜ್ ಬಾಗಿಲಲ್ಲಿ ಶುಂಠಿ-ಬೆಳ್ಳುಳ್ಳಿ ಪೇಸ್ಟ್ ಪಕ್ಕ ಕೂರುತ್ತದೆ. ಮುಂದಿನ ವರ್ಷ ಮನೆಯಲ್ಲಿ ಇನ್ಯಾರದೋ ಕಣ್ಣು ಇನ್ಯಾವುದೋ ಕಾರಣಕ್ಕೆ ಕೆಂಪಾದಾಗ ಅದೇ ಬಾಟಲ್ ಹೊರಗೆ ಬರುತ್ತದೆ. ನನ್ನ ತಕರಾರು ಇಲ್ಲಿಂದ ಶುರು.

ಆ ಬಾಟಲಿನಲ್ಲಿ ಏನಿರುತ್ತದೆ? ಎಷ್ಟೋ ಸಲ ಆಂಟಿಬಯೋಟಿಕ್ ಜೊತೆ ಸ್ಟೀರಾಯ್ಡ್ ಇರುತ್ತದೆ. ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸಲೋನ್, ಹೀಗೆ ಲೇಬಲ್ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಸ್ಟೀರಾಯ್ಡ್ ಹಾಕಿದರೆ ಊತ, ಕೆಂಪು, ಉರಿ ಎಲ್ಲ ಬೇಗ ಇಳಿಯುತ್ತದೆ. ‘ಸೂಪರ್ ಡ್ರಾಪ್ಸ್’ ಅಂತ ಪಕ್ಕದ ಮನೆಗೂ ಹೆಸರು ಹೋಗುತ್ತದೆ. ಒಳಗೆ ಇನ್ಫೆಕ್ಷನ್ ಇದ್ದರೆ ಅದಕ್ಕೂ ಅಷ್ಟೇ ಖುಷಿ, ಯಾಕೆಂದರೆ ಅದರ ಜೊತೆ ಹೋರಾಡುತ್ತಿದ್ದ ನಮ್ಮ ಶಕ್ತಿಯನ್ನೇ ಸ್ಟೀರಾಯ್ಡ್ ಕಟ್ಟಿಹಾಕಿರುತ್ತದೆ.

ನಮ್ಮ ಏರಿಯಾದಲ್ಲಿ ಇದು ಹೇಗೆ ನಡೆಯುತ್ತದೆ ಹೇಳುತ್ತೇನೆ. ಗ್ರೈಂಡಿಂಗ್ ಮಾಡುವ ಹುಡುಗ. ಗಾಗಲ್ಸ್ ಇರುತ್ತದೆ, ಹಣೆ ಮೇಲೆ. ಕಬ್ಬಿಣದ ಚೂರು ಹಾರಿ ಕರಿಗುಡ್ಡೆಗೆ ಕಚ್ಚಿಕೊಳ್ಳುತ್ತದೆ. ಕರಿಗುಡ್ಡೆ ಮೇಲಿನ ಗಾಜಿನಂಥ ಪದರ ಕಾರ್ನಿಯಾ. ನಡುವೆ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್, ಅಷ್ಟೇ. ಪಕ್ಕದ ಮೆಷಿನ್‌ನವನು ಕರ್ಚೀಫಿನ ತುದಿಯಲ್ಲೋ ಬೆಂಕಿಕಡ್ಡಿಯಲ್ಲೋ ಚೂರು ತೆಗೆಯುತ್ತಾನೆ. ಬೆಂಕಿಕಡ್ಡಿಯಲ್ಲಿ! ತೆಗೆದ ಜಾಗದಲ್ಲಿ ತುಕ್ಕಿನ ಉಂಗುರ ಉಳಿಯುತ್ತದೆ, ಸುತ್ತ ಗೀರು. ಸಂಜೆ ಮೆಡಿಕಲ್ ಶಾಪ್ ಡ್ರಾಪ್ಸ್. ಎರಡು ದಿನ ಆರಾಮ, ಆಮೇಲೆ ಕರಿಗುಡ್ಡೆ ಮೇಲೆ ಬಿಳಿ ಚುಕ್ಕೆ.

ನನ್ನ ಹತ್ತಿರ ಬಂದಾಗ ಸ್ಲಿಟ್ ಲ್ಯಾಂಪ್ (ಕಣ್ಣನ್ನು ದೊಡ್ಡದು ಮಾಡಿ ತೋರಿಸುವ ಮೈಕ್ರೋಸ್ಕೋಪ್) ಮುಂದೆ ಗದ್ದ ಇಡಿಸುತ್ತೇನೆ. ಫ್ಲೋರೆಸಿನ್ ಅನ್ನುವ ಬಣ್ಣದ ಪಟ್ಟಿಯನ್ನು ರೆಪ್ಪೆಯ ಒಳಬದಿಗೆ ತಾಗಿಸಿ ನೀಲಿ ಲೈಟ್ ಹಾಕಿದರೆ, ಗಾಯ ಆದಷ್ಟು ಜಾಗ ಹಸಿರಾಗಿ ಹೊಳೆಯುತ್ತದೆ. ಕವಲೊಡೆದ ಗೆರೆ ಕಂಡರೆ ಹರ್ಪಿಸ್ ವೈರಸ್ ಅನುಮಾನ. ಹುಣ್ಣಿನ ಅಂಚು ಪುಕ್ಕದ ಹಾಗೆ ಹರಡಿದ್ದರೆ ಫಂಗಸ್ ಇರಬಹುದು. ಹುಣ್ಣನ್ನು ಸ್ವಲ್ಪ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಈ ಎರಡಕ್ಕೂ ಸ್ಟೀರಾಯ್ಡ್ ಬಿತ್ತು ಅಂದರೆ ಕಥೆ ಕೆಟ್ಟಿತು. ಫಂಗಸ್ ಆದರೆ ನಟಮೈಸಿನ್ ಡ್ರಾಪ್ಸ್, ಮೊದಮೊದಲು ಗಂಟೆಗೊಂದು ಸಲ, ಒಟ್ಟು ವಾರಗಟ್ಟಲೆ. ವಾಸಿಯಾದ ಮೇಲೂ ಬಿಳಿ ಕಲೆ ಉಳಿಯುತ್ತದೆ. ಅದು ಸರಿಯಾಗಿ ನಡುವೆ ಇದ್ದರೆ ಆ ಕಣ್ಣಲ್ಲಿ ಮಂಜು ಮಂಜು. ತೀರಾ ಕೆಟ್ಟರೆ ಕಾರ್ನಿಯಾ ಕಸಿ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಾರ್ನಿಯಾಗಳನ್ನು ಪದರ ಬಿಡಿಸಿ ನಾಲ್ವರಿಗೆ ಹಾಕಿದ್ದು ನೆನಪಿರಬಹುದು. ಆದರೆ ಇನ್ಫೆಕ್ಷನ್ ತಿಂದು ಹಾಕಿದ ಕಣ್ಣಲ್ಲಿ ಕಸಿ ಅಷ್ಟು ಚೆನ್ನಾಗಿ ನಿಲ್ಲುವುದಿಲ್ಲ.

ಹಾಗಂತ ಸ್ಟೀರಾಯ್ಡ್ ವಿಲನ್ ಅಂತ ತಿಳಿಯಬೇಡಿ. ಯುವಿಯೈಟಿಸ್ ಅಂತ ಒಂದಿದೆ, ಕಣ್ಣಿನ ಒಳಗಿನ ಉರಿಯೂತ. ಕಣ್ಣು ಕೆಂಪು, ಬೆಳಕು ನೋಡಲಾಗುವುದಿಲ್ಲ, ಒಳಗೆ ನೋವು. ಅದರಲ್ಲಿ ಎಷ್ಟೋ ಸಲ ಸ್ಟೀರಾಯ್ಡೇ ಮದ್ದು. ತಡ ಮಾಡಿದರೆ ಪಾಪೆಯ ಅಂಚು ಅದರ ಹಿಂದಿರುವ ಲೆನ್ಸಿಗೆ ಅಂಟಿಕೊಳ್ಳಬಹುದು. ಇಂಥವರನ್ನು ನಾನು ‘ಬೆಳಗ್ಗೆ ಎದ್ದಾಗ ಸೊಂಟ ಬಿಗಿ ಅನ್ನಿಸುತ್ತಾ?’ ಅಂತ ಕೇಳುತ್ತೇನೆ. ‘ಕಣ್ಣು ತೋರಿಸೋಕೆ ಬಂದ್ರೆ ಸೊಂಟ ಕೇಳ್ತೀರಲ್ಲ ಮೇಡಂ’ ಅಂತ ನಗುತ್ತಾರೆ. ಬೆನ್ನುಮೂಳೆಯ ಒಂದು ಜಾತಿಯ ಕೀಲುವಾತ ಇದ್ದವರಿಗೆ ಈ ಉರಿಯೂತ ಬರುವುದು ಜಾಸ್ತಿ, ಅದಕ್ಕೇ ಕೇಳುವುದು. ಈಗ ಹೇಳಿ, ಒಬ್ಬರಿಗೆ ಮದ್ದು, ಇನ್ನೊಬ್ಬರಿಗೆ ವಿಷ, ಇಬ್ಬರ ಕಣ್ಣೂ ಹೊರಗಿನಿಂದ ಕೆಂಪೇ. ಕೌಂಟರ್ ಆಚೆಯಿಂದ ಹೇಗೆ ಗೊತ್ತಾಗಬೇಕು?

ಇನ್ನೊಂದು ಕೆಂಪು ಕಣ್ಣು ಇದೆ, ಅದು ವಾಂತಿ ಜೊತೆ ಬರುತ್ತದೆ. ಒಂದು ಬದಿ ಭಯಂಕರ ತಲೆನೋವು, ಬಲ್ಬಿನ ಸುತ್ತ ಕಾಮನಬಿಲ್ಲು. ಮನೆಯವರು ಗ್ಯಾಸ್ಟ್ರಿಕ್ ಅಂದುಕೊಂಡು ಇಂಜೆಕ್ಷನ್ ಕೊಡಿಸುತ್ತಾರೆ. ಕಣ್ಣಿನ ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿ.ಮೀ. ಪಾದರಸದ ಒಳಗೆ ಇರಬೇಕು, ಇಲ್ಲಿ 50 ದಾಟಿರಬಹುದು. ಇದು ಗ್ಲಾಕೋಮಾದ ಒಂದು ಬಗೆ. ರಾತ್ರಿಯೇ ಓಡಬೇಕು, ಬೆಳಗಾಗಲಿ ಅನ್ನುವ ಹಾಗಿಲ್ಲ.

ನನಗೆ ನಿಜವಾಗಿ ಸಿಟ್ಟು ಬರುವುದು ಮಕ್ಕಳ ವಿಷಯದಲ್ಲಿ. ಈ ಊರಿನ ಧೂಳು, ಪರಾಗಕ್ಕೆ ಅಲರ್ಜಿಯಾಗಿ ಕಣ್ಣುಜ್ಜುವ ಮಕ್ಕಳು ಎಷ್ಟೊಂದು. ಯಾರೋ ಡಾಕ್ಟ್ರು ಎಂದೋ ಒಂದು ವಾರಕ್ಕೆ ಅಂತ ಬರೆದ ಸ್ಟೀರಾಯ್ಡ್ ಡ್ರಾಪ್ಸನ್ನು ಅದೇ ಚೀಟಿ ತೋರಿಸಿ ತಿಂಗಳು ತಿಂಗಳು ತರುತ್ತಾರೆ. ಕೆಲವೊಮ್ಮೆ ಚೀಟಿಯೂ ಬೇಡ, ಖಾಲಿ ಡಬ್ಬಿ ತೋರಿಸಿದರೆ ಸಾಕು. ವಾರಗಟ್ಟಲೆ ಹಾಕಿದರೆ ಸುಮಾರು ಮೂವರಲ್ಲಿ ಒಬ್ಬರಿಗೆ ಕಣ್ಣಿನ ಒತ್ತಡ ಸ್ವಲ್ಪವಾದರೂ ಏರುತ್ತದೆ, ಕೆಲವರಿಗೆ ತುಂಬಾ ಏರುತ್ತದೆ. ನೋವಿಲ್ಲ, ಸದ್ದಿಲ್ಲ. ಬೋರ್ಡ್ ಕಾಣುತ್ತಿಲ್ಲ ಅಂತ ಮಗು ಹೇಳುವಷ್ಟರಲ್ಲಿ ಆ ಒತ್ತಡಕ್ಕೆ ಕಣ್ಣಿನ ನರ ಒಣಗಿರುತ್ತದೆ, ಹೋದ ನರ ವಾಪಸ್ ಬರುವುದಿಲ್ಲ. ಪೊರೆಯೂ ಬರಬಹುದು. ಅಲರ್ಜಿಗೆ ಸ್ಟೀರಾಯ್ಡ್ ಅಲ್ಲದ ಡ್ರಾಪ್ಸ್ ಬೇಕಾದಷ್ಟಿವೆ. ಉಜ್ಜುವುದನ್ನು ಮಾತ್ರ ಬಿಡಿಸಲೇಬೇಕು, ಉಜ್ಜಿ ಉಜ್ಜಿ ಕಾರ್ನಿಯಾ ಮೊನಚಾಗುವ ಕಾಯಿಲೆ ಬೇರೆ ಇದೆ.

ಕಾನೂನು ಇಲ್ಲ ಅಂತಲ್ಲ. ಸ್ಟೀರಾಯ್ಡ್ ಡ್ರಾಪ್ಸ್ ಶೆಡ್ಯೂಲ್ ಎಚ್ ಔಷಧಿ, ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಆದರೆ ಬರೀ ಅಂಗಡಿಯವರಿಗೆ ಬೈದರೆ ಅನ್ಯಾಯ. ಕ್ಲಿನಿಕ್ಕಿಗೆ ಬಂದರೆ ಅರ್ಧ ದಿನದ ಸಂಬಳ ಖೋತಾ, ಮೇಲೆ ನಮ್ಮ ಫೀಸು. ಅಂಗಡಿಯಲ್ಲಿ ಐದು ನಿಮಿಷ, ನೂರಿನ್ನೂರು ರೂಪಾಯಿ. ಬಡವರ ಲೆಕ್ಕ ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ಕಾರ್ಖಾನೆಯ ಮಾಲೀಕರಿಗೆ ಮಾತ್ರ ಹೇಳುತ್ತೇನೆ, ಒಂದು ಮಧ್ಯಾಹ್ನ ಸಂಬಳ ಕತ್ತರಿಸದೆ ಕಳಿಸಿಕೊಡಿ. ಮಾರ್ಕೆಟ್ ಹತ್ತಿರ ಮಿಂಟೊ ಇದೆ, 1896ರಿಂದ ಇರುವ ಸರ್ಕಾರಿ ಕಣ್ಣಾಸ್ಪತ್ರೆ, ಫೀಸಿನ ಚಿಂತೆ ಕಡಿಮೆ. ನಮ್ಮ ಡಾಕ್ಟರ್ ಬಳಗವೂ ಸುಬಗರೇನಲ್ಲ. ಸ್ಲಿಟ್ ಲ್ಯಾಂಪ್ ಇಲ್ಲದ ಕಡೆ ‘ಇರಲಿ’ ಅಂತ ಕಾಂಬಿನೇಷನ್ ಡ್ರಾಪ್ಸ್ ಗೀಚುವುದು ನಿಲ್ಲಬೇಕು.

ಕಾಮೆಂಟಿನಲ್ಲಿ ಕಣ್ಣಿನ ಫೋಟೋ ಹಾಕಿ ‘ಯಾವ ಡ್ರಾಪ್ಸ್?’ ಅಂತ ಕೇಳಬೇಡಿ. ಎರಡೂ ಕಣ್ಣು ಕೆಂಪಾಗಿ, ನೀರು ಸೋರಿ, ನೋಟ ಚೆನ್ನಾಗಿದ್ದರೆ ಒಂದೆರಡು ದಿನ ನೋಡಬಹುದು. ನೋವು, ಮಂಜು, ಬೆಳಕು ಚುಚ್ಚುವುದು, ಕರಿಗುಡ್ಡೆ ಮೇಲೆ ಬಿಳಿ, ಇದರಲ್ಲಿ ಒಂದಿದ್ದರೂ ಅವತ್ತೇ ಬನ್ನಿ. ಕಣ್ಣಿಗೆ ಏನಾದರೂ ಹಾರಿದ್ದರೂ ಅಷ್ಟೇ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಲೆನ್ಸ್ ತೆಗೆದು ಬನ್ನಿ. ಎದೆಹಾಲು, ಜೇನು, ರೋಸ್ ವಾಟರ್ ಏನೂ ಬೇಡ. ಬರುವಾಗ ಈಗಾಗಲೇ ಹಾಕಿದ ಬಾಟಲನ್ನೂ ತನ್ನಿ. ‘ಬಿಳಿ ಮುಚ್ಚಳದ್ದು ಮೇಡಂ’ ಅಂದರೆ ನನಗೆ ಗೊತ್ತಾಗುವುದಿಲ್ಲ, ಅರ್ಧಕ್ಕರ್ಧ ಬಾಟಲಿಗೆ ಬಿಳಿ ಮುಚ್ಚಳವೇ ಇರುತ್ತದೆ.