ಐದರಲ್ಲಿ ಎಷ್ಟು ಒಪ್ಪುತ್ತೀರಿ?

ಮುಂಬೈ, ಪುಣೆಯ ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ಪಿಎಚ್‌ಡಿ ಮಾಡುವವರಿಗೆ ವಿಷಯದ ಬರ ಎಂದೂ ಬರುವುದಿಲ್ಲ. ‘ಸಂಸ್ಥೆಗಳ ಮೇಲೆ ಇಂಥದ್ದರ ಪರಿಣಾಮ: ಮುಂಬೈ ಮಹಾನಗರದ ಆಯ್ದ ಉದ್ದಿಮೆಗಳ ಒಂದು ಅಧ್ಯಯನ’ ಅಂತ ಶೀರ್ಷಿಕೆ ಮೊದಲೇ ಟೈಪ್ ಆಗಿ ಕೂತಿರುತ್ತದೆ. ‘ಇಂಥದ್ದು’ ಇರುವ ಜಾಗದಲ್ಲಿ ಆ ವರ್ಷ ಯಾವುದು ಓಡುತ್ತಿದೆಯೋ ಅದನ್ನು ತುಂಬಿದರೆ ಆಯಿತು. ಒಂದು ಕಾಲಕ್ಕೆ ಇಆರ್‌ಪಿ, ಅಂದರೆ ಇಡೀ ಕಂಪನಿಯ ವ್ಯವಹಾರವನ್ನು ಒಂದೇ ಕಡೆ ನೋಡಿಕೊಳ್ಳುವ ಸಾಫ್ಟ್‌ವೇರು ಇತ್ತು. ಆಮೇಲೆ ಕ್ಲೌಡ್ ಬಂತು, ಬಿಗ್ ಡೇಟಾ ಬಂತು. 2017ರಲ್ಲಿ ಬಿಟ್‌ಕಾಯಿನ್ ಹಿಂದಿನ ತಂತ್ರಜ್ಞಾನವಾದ ಬ್ಲಾಕ್‌ಚೈನ್ ಹುಚ್ಚು ಎಷ್ಟಿತ್ತೆಂದರೆ, ಅಮೆರಿಕದ ಲಾಂಗ್ ಐಲ್ಯಾಂಡ್ ಐಸ್ಡ್ ಟೀ ಅನ್ನುವ ಕಂಪನಿ ಡಿಸೆಂಬರಿನಲ್ಲಿ ತನ್ನ ಹೆಸರನ್ನು ಲಾಂಗ್ ಬ್ಲಾಕ್‌ಚೈನ್ ಅಂತ ಬದಲಿಸುತ್ತೇನೆ ಎಂದಿತು. ಮಾರುತ್ತಿದ್ದದ್ದು ಅದೇ ತಣ್ಣನೆಯ ಚಹಾ. ಶೇರು ಮಾತ್ರ ಒಂದೇ ದಿನದಲ್ಲಿ ಎಲ್ಲಿಂದೆಲ್ಲಿಗೋ ಹಾರಿತು. ಮರುವರ್ಷ ಅಲ್ಲಿನ ಶೇರುಪೇಟೆ ನಾಸ್ಡಾಕ್ ಅದನ್ನು ಪಟ್ಟಿಯಿಂದಲೇ ಕಿತ್ತು ಹಾಕಿತು. ಆದರೆ ಅಷ್ಟರಲ್ಲಿ ನಮ್ಮ ಕಡೆ ಬ್ಲಾಕ್‌ಚೈನ್ ಹೆಸರಲ್ಲಿ ರಿಜಿಸ್ಟ್ರೇಷನ್ ಆಗಿತ್ತಲ್ಲ, ಅವರು ಏನು ಮಾಡಬೇಕು? 2021ರ ಅಕ್ಟೋಬರಿನಲ್ಲಿ ಫೇಸ್‌ಬುಕ್ ಕಂಪನಿ ಮೆಟಾ ಆಯಿತು, ಎಲ್ಲರೂ ಮೆಟಾವರ್ಸ್ ಅನ್ನುವ ಕಂಪ್ಯೂಟರಿನೊಳಗಿನ ಲೋಕದ ಕಡೆ ತಿರುಗಿದರು. ಅದರ ಸಿನಾಪ್ಸಿಸ್ ಮುಗಿಯುವುದರೊಳಗೆ 2022ರ ನವೆಂಬರ್ 30ಕ್ಕೆ ಚಾಟ್‌ಜಿಪಿಟಿ ಬಂದು ಕೂತಿತು. ಗೈಡ್ ಸಾಹೇಬರು ಅನುಭವಸ್ಥರು. ಕಂಪ್ಯೂಟರಿನಲ್ಲಿ ‘ಹುಡುಕಿ, ಬದಲಿಸಿ’ ಅನ್ನುವ ಸೌಲಭ್ಯ ಇರುವುದೇ ಇದಕ್ಕೆ.

ಈ ಬಗೆಯ ಸಂಶೋಧನೆಗೆ ಬುನಾದಿ ಹಾಕಿದವರು ಫ್ರೆಡ್ ಡೇವಿಸ್. 1989ರಲ್ಲಿ ಅವರು ಒಂದು ಸರಳ ಮಾತು ಹೇಳಿದರು. ಹೊಸ ತಂತ್ರಜ್ಞಾನವನ್ನು ಜನ ಬಳಸಬೇಕಾದರೆ ಎರಡು ವಿಷಯ ಬೇಕು. ಅದರಿಂದ ಉಪಯೋಗ ಇದೆ ಅನಿಸಬೇಕು, ಬಳಸುವುದು ಸುಲಭ ಅನಿಸಬೇಕು. ಆಫೀಸಿನವರು ಕಂಪ್ಯೂಟರ್ ಮುಟ್ಟಲೂ ಹಿಂಜರಿಯುತ್ತಿದ್ದ ಕಾಲಕ್ಕೆ ಅದು ಒಳ್ಳೆಯ ಕೆಲಸವೇ. 2003ರಲ್ಲಿ ವಿಶ್ವನಾಥ್ ವೆಂಕಟೇಶ್, ಡೇವಿಸ್ ಮತ್ತು ಇನ್ನಿಬ್ಬರು ಸೇರಿ ಇಂಥ ಎಂಟು ಮಾದರಿಗಳನ್ನು, ಅಂದರೆ ಮಾಡೆಲ್‌ಗಳನ್ನು ಕೂಡಿಸಿ ಒಂದು ಮಾಡಿದರು. ಎಂಟು ಹೋಗಿ ಒಂದು ಉಳಿಯಿತು ಅಂದುಕೊಂಡಿರಾ? ಎಂಟೂ ಉಳಿದವು, ಇದು ಒಂಬತ್ತನೆಯದಾಯಿತು. ಈಗ ಯಾರು ಬೇಕಾದರೂ ನಾಲ್ಕು ಡಬ್ಬಿ ಬರೆದು, ನಡುವೆ ಬಾಣದ ಗುರುತು ಎಳೆದು, ಹತ್ತನೆಯದನ್ನು ಮಾಡಬಹುದು. ಕೊನೆಗೆ ಹೊರಬೀಳುವ ಸತ್ಯ ಮಾತ್ರ ಎಲ್ಲ ಕಡೆ ಒಂದೇ: ಉಪಯೋಗ ಇದೆ ಅನಿಸಿದವರು ಉಪಯೋಗಿಸುತ್ತಾರೆ.

ಮಾದರಿ ಸಿಕ್ಕಿತು, ಇನ್ನು ಜನ ಬೇಕು. ಎಷ್ಟು ಜನ? 384. ಯಾವ ಥೀಸಿಸ್ ಬೇಕಾದರೂ ತೆಗೆದು ನೋಡಿ, ಮೂರನೇ ಅಧ್ಯಾಯದಲ್ಲಿ 384 ಇಲ್ಲವೇ ಅದರ ಆಸುಪಾಸಿನ ಸಂಖ್ಯೆ ಸಿಗುವ ಸಾಧ್ಯತೆ ಜಾಸ್ತಿ. 1970ರಲ್ಲಿ ಕ್ರೆಜ್ಸಿ, ಮಾರ್ಗನ್ ಎಂಬಿಬ್ಬರು ಒಂದು ಕೋಷ್ಟಕ ಮಾಡಿಟ್ಟರು. ಹತ್ತು ಲಕ್ಷ ಜನ ಇರುವ ಕಡೆ 384 ಮಂದಿಯನ್ನು ಕೇಳಿದರೆ ಸಾಕು ಅಂತ ಅದರಲ್ಲಿದೆ. ಒಂದೇ ಷರತ್ತು, ಆ 384 ಮಂದಿಯನ್ನು ಗುರುತು ಪರಿಚಯ ನೋಡದೆ ಚೀಟಿ ಎತ್ತಿ ಆರಿಸಬೇಕು. ಷರತ್ತು ಬಿಟ್ಟು ಸಂಖ್ಯೆಯನ್ನಷ್ಟೇ ನಾವು ಇಟ್ಟುಕೊಂಡೆವು. ಚೀಟಿ ಎತ್ತುವ ಕೆಲಸ ವಾಟ್ಸಾಪಿನದು. ಸೊಸೈಟಿಯ ಗ್ರೂಪು, ಹತ್ತನೇ ಕ್ಲಾಸಿನ ಗ್ರೂಪು, ಕನ್ನಡ ಸಂಘದ ಗ್ರೂಪು, ಎಲ್ಲ ಕಡೆ ಒಂದು ಲಿಂಕು, ಜೊತೆಗೆ ಕೈಮುಗಿದ ಚಿತ್ರ. ‘ಎರಡೇ ನಿಮಿಷ, ಪ್ಲೀಸ್.’

ಡೊಂಬಿವಿಲಿಯಲ್ಲಿ ನಮ್ಮ ಅತ್ತಿಗೆ ಮನೆಯಲ್ಲೇ ಹಪ್ಪಳ, ಚಟ್ನಿಪುಡಿ ಮಾಡಿ ಮಾರುತ್ತಾರೆ. ಅವರ ಮೊಬೈಲಿಗೂ ಲಿಂಕು ಬಂತು. ಕಳಿಸಿದ್ದು ಕೆಳಗಿನ ಮನೆಯ ಹುಡುಗಿ, ಪಿಎಚ್‌ಡಿ ಮಾಡುತ್ತಿದ್ದಾಳೆ. ಹುದ್ದೆ ಕೇಳಿದಲ್ಲಿ ಅತ್ತಿಗೆ ‘ಟಾಪ್ ಮ್ಯಾನೇಜ್‌ಮೆಂಟ್’ ಒತ್ತಿದರು. ಸುಳ್ಳೇನಲ್ಲ. ‘ಕೃತಕ ಬುದ್ಧಿಮತ್ತೆಯು ನಮ್ಮ ಸಂಸ್ಥೆಯ ಕಾರ್ಯತಂತ್ರದ ಚುರುಕುತನವನ್ನು ಹೆಚ್ಚಿಸಿದೆ’ ಅಂತ ಮೊದಲ ವಾಕ್ಯ. ಒಪ್ಪುತ್ತೀರಾದರೆ ಎಷ್ಟು ಒಪ್ಪುತ್ತೀರಿ, ಒಂದರಿಂದ ಐದರೊಳಗೆ ಹೇಳಿ. ಇಂಥವು ನಲವತ್ತು ಚಿಲ್ಲರೆ. ಅತ್ತಿಗೆ ಮೂರನೆಯದನ್ನು ಓದುವಾಗ ಕುಕ್ಕರ್ ಕೂಗಿತು. ಉಳಿದದ್ದಕ್ಕೆಲ್ಲ ಮೇಲಿಂದ ಕೆಳಗೆ ನಾಲ್ಕು, ನಾಲ್ಕು, ನಾಲ್ಕು ಅಂತ ಒತ್ತಿಕೊಂಡು ಹೋದರು. ಯಾಕೆ ನಾಲ್ಕು ಅಂತ ಕೇಳಿದೆ. ‘ಐದು ಕೊಟ್ಟರೆ ಅತಿ ಆಗುತ್ತೆ. ಮೂರು ಕೊಟ್ಟರೆ ಪಾಪ, ಹುಡುಗಿಗೆ ಬೇಜಾರು.’

ಈ ನಾಲ್ಕುಗಳು ನೆಟ್ಟಗೆ ಎಸ್‌ಪಿಎಸ್‌ಎಸ್ ಅನ್ನುವ ಸಾಫ್ಟ್‌ವೇರಿನ ಒಳಗೆ ಹೋಗುತ್ತವೆ. ಅಲ್ಲಿ ಕ್ರೋನ್‌ಬಾಕ್ ಆಲ್ಫಾ ಅಂತ ಒಂದು ಪರೀಕ್ಷೆ ಇದೆ, ಉತ್ತರಗಳು ಒಂದಕ್ಕೊಂದು ಹೊಂದುತ್ತವೆಯೇ ಅಂತ ನೋಡುವುದು. ಇದರಲ್ಲಿ ಒಂದು ಮಜಾ ಇದೆ. ಒಬ್ಬರು ಓದದೆ ಪೂರ್ತಿ ನಾಲ್ಕು, ಇನ್ನೊಬ್ಬರು ಓದದೆ ಪೂರ್ತಿ ಎರಡು ಒತ್ತಿದರೆ ಆಲ್ಫಾ ಭರ್ಜರಿಯಾಗಿ ಬರುತ್ತದೆ. ಓದಿ, ಯೋಚಿಸಿ, ಒಂದಕ್ಕೆ ಐದು ಮತ್ತೊಂದಕ್ಕೆ ಒಂದು ಅಂತ ಉತ್ತರಿಸಿದವರಿಂದಲೇ ತೊಂದರೆ. ಅಂಥವರು ಗ್ರೂಪಿನಲ್ಲಿ ಕಡಿಮೆ, ಬಚಾವ್.

ಹುಡುಗಿ ಒಳ್ಳೆಯವಳು. ಗೂಗಲ್ ಫಾರಂ ಅಷ್ಟೇ ಸಾಲದು ಅಂತ ನಿಜವಾದ ಒಂದು ಉದ್ದಿಮೆಗೂ ಹೋದಳು. ಮಾಟುಂಗಾದಲ್ಲಿ ನಮ್ಮವರದೇ ಒಂದು ಉಡುಪಿ ಹೋಟೆಲು. ನಾನೂ ಜೊತೆಗಿದ್ದೆ, ನೀರುದೋಸೆಗಾಗಿ. ಗಲ್ಲಾದಲ್ಲಿ ಶೆಟ್ರು ಕೂತಿದ್ದರು. ಎದುರಿಗೆ ಕ್ಯೂಆರ್ ಫಲಕ, ಪಕ್ಕದಲ್ಲಿ ಹಣ ಬಂತು ಅಂತ ಕೂಗುವ ಸೌಂಡ್ ಬಾಕ್ಸು, ಅದರ ಪಕ್ಕ ಪಾರ್ಸೆಲ್ ಆ್ಯಪ್‌ಗಳ ಎರಡು ಟ್ಯಾಬು.

‘ಅಂಕಲ್, ಡಿಜಿಟಲ್ ಪಾವತಿ ಸುಲಭ ಅನಿಸಿದ್ದರಿಂದ ಅಳವಡಿಸಿಕೊಂಡಿರಿ. ಐದರಲ್ಲಿ ಎಷ್ಟು ಒಪ್ಪುತ್ತೀರಿ?’

‘ಸುಲಭ ಅಂತ ಯಾರು ಹೇಳಿದ್ರು ಮಗಾ? 2016ರಲ್ಲಿ ನೋಟು ನಿಂತುಹೋಯ್ತು. ಜನ ಇಡ್ಲಿಗೆ ಎರಡು ಸಾವಿರದ ನೋಟು ಕೊಡ್ಲಿಕ್ಕೆ ಶುರು ಮಾಡಿದ್ರು. ಚಿಲ್ರೆ ಎಲ್ಲಿಂದ ತರೋದು? ಬೇರೆ ದಾರಿ ಇರ್ಲಿಲ್ಲ, ಹಾಕ್ಕೊಂಡೆ.’

ಹುಡುಗಿ ಹಾಳೆಯನ್ನು ಮೇಲೆ ಕೆಳಗೆ ನೋಡಿದಳು. ‘ಬೇರೆ ದಾರಿ ಇರಲಿಲ್ಲ’ ಅನ್ನುವ ಡಬ್ಬಿ ಇಲ್ಲ.

‘ಉಳಿದವರೆಲ್ಲ ಎಷ್ಟು ಹಾಕಿದ್ದಾರೆ?’ ಅಂತ ಶೆಟ್ರೇ ಕೇಳಿದರು.

‘ನಾಲ್ಕು, ಅಂಕಲ್.’

‘ಹಾಗಾದ್ರೆ ನಂದೂ ನಾಲ್ಕು. ಚಾ ಕುಡಿ.’

ಚಾ ಬರುವ ತನಕ ಶೆಟ್ರು ಮಾತಾಡಿದರು. ಹಾಳೆ ಮಡಚಿ ಆಗಿತ್ತು, ಆದ್ದರಿಂದ ಅದು ಸಂಶೋಧನೆಯಲ್ಲಿ ಸೇರಲಿಲ್ಲ. ಮೊದಲೆಲ್ಲ ಗಲ್ಲಾದ ಕುರ್ಚಿಗೆ ಊರಿನಿಂದ ತಂಗಿಯ ಮಗನನ್ನೋ, ಭಾವನ ತಮ್ಮನನ್ನೋ ಕರೆಸಬೇಕಿತ್ತು. ನಗದು ಕೈದಾಟುವ ಜಾಗ, ಹೊರಗಿನವರನ್ನು ಕೂರಿಸುವ ಹಾಗಿಲ್ಲ. ಮುಂಬೈಯ ಉಡುಪಿ ಹೋಟೆಲುಗಳಲ್ಲಿ ಎಷ್ಟೋ ಅಳಿಯಂದಿರು ಜೀವನ ಕಂಡುಕೊಂಡದ್ದು ಆ ಕುರ್ಚಿಯಲ್ಲೇ. ಈಗ ದುಡ್ಡು ಸೀದಾ ಬ್ಯಾಂಕಿಗೆ ಬೀಳುತ್ತದೆ. ಕುರ್ಚಿಯಲ್ಲಿ ಯಾರು ಕೂತರೂ ನಡೆಯುತ್ತದೆ. ಅಳಿಯನಿಗೆ ಏನು ಕೆಲಸ ಕೊಡುವುದು ಅನ್ನುವುದೇ ಮನೆಯಲ್ಲಿ ದೊಡ್ಡ ತಲೆನೋವು. ಇನ್ನೊಂದು, ವೇಟರುಗಳದ್ದು. ಬಿಲ್ಲಿನ ತಟ್ಟೆಯಲ್ಲಿ ಸೋಂಪಿನ ಜೊತೆ ಉಳಿಯುತ್ತಿದ್ದ ಚಿಲ್ಲರೆ ಅವರ ಪಾಲು. ಫೋನಿನಲ್ಲಿ ಕೊಡುವವನು 187 ಅಂದರೆ 187 ರೂಪಾಯಿಯನ್ನೇ ಒತ್ತುತ್ತಾನೆ. ತಟ್ಟೆಯಲ್ಲಿ ಸೋಂಪು ಮಾತ್ರ. ಸಂಬಳಕ್ಕಿಂತ ಟಿಪ್ಸ್ ನಂಬಿದ್ದ ಹುಡುಗರು ಬೈಕು ಹತ್ತಿ ಪಾರ್ಸೆಲ್ ಕಡೆ ಹೋದರು. ಅಡುಗೆಮನೆಯ ಭಟ್ಟರಂತೂ ಈಗ ಯಾರ ಮುಖವನ್ನೂ ನೋಡುವುದಿಲ್ಲ, ಪ್ರಿಂಟರ್ ಉಗುಳುವ ಚೀಟಿಯನ್ನೇ ನೋಡುತ್ತಾರೆ.

ಒಂದು ಸಂಸ್ಥೆಯ ಮೇಲೆ ತಂತ್ರಜ್ಞಾನದ ಪರಿಣಾಮ ಅಂದರೆ ಇದೇ ಅಲ್ವಾ? ಆದರೆ ಕ್ಯೂಆರ್ ಹಾಕಿಕೊಂಡದ್ದು ಶೆಟ್ರು, ಏಟು ಬಿದ್ದದ್ದು ವೇಟರಿಗೆ. ವೇಟರ್ ಏನನ್ನೂ ‘ಅಳವಡಿಸಿಕೊಂಡಿಲ್ಲ’. ಆದ್ದರಿಂದ ಅವನು ಸ್ಯಾಂಪಲ್ಲಿಗೆ ಬರುವುದಿಲ್ಲ.

ಮನೆಯೂಟದ ಡಬ್ಬಿಯನ್ನು ಆಫೀಸಿಗೆ ಮುಟ್ಟಿಸುವ ಮುಂಬೈಯ ಡಬ್ಬಾವಾಲಾಗಳ ಕಥೆಯೂ ಇದೇ. 1890ರಿಂದ ನಡೆದುಕೊಂಡು ಬಂದ ಸೇವೆ. ಡಬ್ಬಿಯ ಮೇಲೆ ಬಣ್ಣ, ಅಕ್ಷರ, ಅಂಕಿ, ಲೋಕಲ್ ಟ್ರೈನು, ಸೈಕಲ್ಲು, ಅಷ್ಟೇ. 2003ರಲ್ಲಿ ಇಂಗ್ಲೆಂಡಿನ ರಾಜಕುಮಾರ ಚಾರ್ಲ್ಸ್ ಬಂದು ನೋಡಿ ಹೋದರು. 2010ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಅವರ ಮೇಲೆ ಕೇಸ್ ಸ್ಟಡಿ ಮಾಡಿತು. ಅಲ್ಲಿಂದ ನಮ್ಮ ಮ್ಯಾನೇಜ್‌ಮೆಂಟ್ ಕಾಲೇಜುಗಳ ಪವರ್‌ಪಾಯಿಂಟಿನಲ್ಲಿ ಬಿಳಿ ಟೋಪಿಯ ಒಂದು ಫೋಟೊ ಕಾಯಂ ಆಯಿತು. 2020ರಲ್ಲಿ ಲಾಕ್‌ಡೌನ್ ಬಂತು, ಆಫೀಸುಗಳು ಲ್ಯಾಪ್‌ಟಾಪಿನೊಳಗೆ ಹೊಕ್ಕು ಮನೆಗೆ ಹೋದವು. ಮನೆಯಲ್ಲಿ ಕೂತವನಿಗೆ ಮನೆಯ ಡಬ್ಬಿ ಯಾಕೆ? ರೈಲು ಮತ್ತೆ ಓಡಿದರೂ ಡಬ್ಬಿಗಳೆಲ್ಲ ವಾಪಸು ಬರಲಿಲ್ಲ. ಅವರ ಕೆಲಸಕ್ಕೆ ಕುತ್ತು ತಂದದ್ದು ಯಾರದೋ ಬೆಡ್‌ರೂಮಿನ ವಿಡಿಯೊ ಕಾಲು. ಅದನ್ನು ಅವರು ಬಳಸಿದ್ದೂ ಇಲ್ಲ, ಒಪ್ಪಿದ್ದೂ ಇಲ್ಲ, ಐದರಲ್ಲಿ ಎಷ್ಟು ಅಂತ ಅವರನ್ನು ಕೇಳಿದ್ದೂ ಇಲ್ಲ.

ಇದನ್ನೆಲ್ಲ ನೋಡುವ ವಿದ್ವಾಂಸರೇ ಇಲ್ಲ ಅಂತಲ್ಲ. 1987ರಲ್ಲಿ ರಾಬರ್ಟ್ ಸೋಲೊ ಅನ್ನುವ ಅರ್ಥಶಾಸ್ತ್ರಜ್ಞರು ಒಂದು ಕುಟುಕು ಮಾತು ಹೇಳಿದರು: ಕಂಪ್ಯೂಟರ್ ಯುಗ ಎಲ್ಲೆಲ್ಲೂ ಕಾಣುತ್ತಿದೆ, ಉತ್ಪಾದಕತೆಯ ಅಂಕಿಅಂಶದಲ್ಲಿ ಮಾತ್ರ ಕಾಣುತ್ತಿಲ್ಲ. ಅದೇ ವರ್ಷ ಅವರಿಗೆ ನೊಬೆಲ್ ಬಂತು. ಯಾಕೆ ಕಾಣುತ್ತಿಲ್ಲ ಅಂತ ಆರ್ಥಿಕ ಇತಿಹಾಸಕಾರ ಪಾಲ್ ಡೇವಿಡ್ 1990ರಲ್ಲಿ ಹಳೆಯ ಕಾರ್ಖಾನೆಗಳ ಇತಿಹಾಸ ಕೆದಕಿದರು. ವಿದ್ಯುತ್ ಬಂದಾಗ ಮಾಲೀಕರು ಉಗಿ ಯಂತ್ರ ತೆಗೆದು ಆ ಜಾಗದಲ್ಲೇ ಮೋಟರ್ ಇಟ್ಟರು. ಚಾವಣಿಯ ಉದ್ದನೆಯ ದಂಡ, ಬೆಲ್ಟು, ಯಂತ್ರಗಳ ಸಾಲು ಎಲ್ಲ ಹಾಗೆಯೇ. ಲಾಭ ಹೆಚ್ಚೇನೂ ಕಾಣಲಿಲ್ಲ. ಒಂದೊಂದು ಯಂತ್ರಕ್ಕೂ ಒಂದೊಂದು ಮೋಟರ್ ಕೊಟ್ಟು, ಕಟ್ಟಡವನ್ನೇ ಬೇರೆ ಥರ ಕಟ್ಟಿ, ಕೆಲಸದ ಕ್ರಮವನ್ನೇ ಬದಲಿಸಿದ ಮೇಲೆ ಉತ್ಪಾದನೆ ಏರಿತು. ಅದಕ್ಕೆ 40 ವರ್ಷ ಹಿಡಿಯಿತು. ಇಂಥ ಕೆಲಸಕ್ಕೆ ಫಾರಂ ಬೇಕಿಲ್ಲ, ಪುರುಸೊತ್ತು ಬೇಕು. ನಮ್ಮ ಪ್ರಾಧ್ಯಾಪಕರಿಗೆ ಅದೊಂದು ಬಿಟ್ಟು ಎಲ್ಲ ಇದೆ.

ಪುರುಸೊತ್ತು ಯಾಕಿಲ್ಲ ಅಂತ ಪುಣೆಯ ಒಂದು ಕಾಲೇಜಿನಲ್ಲಿ ಗೊತ್ತಾಯಿತು. ಹುಡುಗಿ ಪ್ರಬಂಧ ಮಂಡಿಸಲು ಹೋದಾಗ ನಾನೂ ಹೋಗಿದ್ದೆ. ‘ಉದಯೋನ್ಮುಖ ತಂತ್ರಜ್ಞಾನಗಳು ಮತ್ತು ಸಂಸ್ಥೆಗಳ ರೂಪಾಂತರ’ ಅಂತ ಅಂತರರಾಷ್ಟ್ರೀಯ ಸಮ್ಮೇಳನ. ಅಂತರರಾಷ್ಟ್ರೀಯ ಯಾಕೆಂದರೆ ಒಬ್ಬರು ದುಬೈಯಿಂದ ಆನ್‌ಲೈನ್ ಬಂದಿದ್ದರು, ಅವರೂ ಸಾಂಗ್ಲಿಯವರೇ. ಬಾಗಿಲಲ್ಲಿ ಮುಖ ಗುರುತಿಸುವ ಕ್ಯಾಮೆರಾ ಹಾಜರಿ ಹಾಕಿತು. ಅದು ಒಮ್ಮೊಮ್ಮೆ ಗುರುತಿಸುವುದಿಲ್ಲ ಅಂತ ಪಕ್ಕದಲ್ಲಿ ಬೆರಳು ಒತ್ತುವ ಯಂತ್ರ. ಅದನ್ನೂ ಆಡಿಟ್ಟಿನವರು ಒಪ್ಪುವುದಿಲ್ಲ ಅಂತ ಮೇಜಿನ ಮೇಲೆ ದಪ್ಪ ಹಾಜರಿ ಪುಸ್ತಕ, ದಾರದಲ್ಲಿ ಕಟ್ಟಿದ ಪೆನ್ನು. ಅಲ್ಲಿನ ಒಬ್ಬರು ಮೇಡಂ ಹೇಳಿದರು: ರಜೆಗೆ ಆನ್‌ಲೈನ್ ಅರ್ಜಿ ತುಂಬಬೇಕು, ಪ್ರಿಂಟ್ ತೆಗೆಯಬೇಕು, ಸಹಿ ಮಾಡಿಸಬೇಕು, ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡಬೇಕು, ಆಮೇಲೆ ಅದೇ ಕಾಗದವನ್ನು ಆಫೀಸಿಗೆ ಕೊಟ್ಟು ಬರಬೇಕು. ‘ಕಾಗದರಹಿತ ಕ್ಯಾಂಪಸ್’ ಅಂತ ಗೋಡೆಗೆ ಕಾಗದ ಅಂಟಿಸಿದ್ದರು. ಒಳಗೆ ಮುಖ್ಯ ಭಾಷಣ ಅರ್ಧ ಗಂಟೆ ತಡವಾಯಿತು, ಪ್ರೊಜೆಕ್ಟರ್ ಹತ್ತಲಿಲ್ಲ. ಪಿಎಚ್‌ಡಿ ಆದವರೇ ಹನ್ನೆರಡು ಜನ ವೇದಿಕೆಯ ಸುತ್ತ ನಿಂತು ನೋಡಿದರು. ಕೊನೆಗೆ ಸಿಪಾಯಿ ಬಂದು ವೈರನ್ನು ಕಿತ್ತು, ಊದಿ, ಮತ್ತೆ ಸಿಕ್ಕಿಸಿದ. ಹತ್ತಿತು.

ಇಷ್ಟು ಕಷ್ಟಪಟ್ಟು ಪ್ರಬಂಧ ಯಾಕೆ ಬೇಕು? ಅಂಕ ಬೇಕು. 2010ರಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಅಧ್ಯಾಪಕರಿಗೆ ಪ್ರಬಂಧದ ಲೆಕ್ಕದಲ್ಲಿ ಅಂಕ ಕೊಡುವ ಪದ್ಧತಿ ತಂದಿತು. ಬೇಡಿಕೆ ಹುಟ್ಟಿದ ಕಡೆ ಅಂಗಡಿಯೂ ತೆರೆಯುತ್ತದೆ. 2013ರಲ್ಲಿ ಜಾನ್ ಬೊಹಾನನ್ ಅನ್ನುವ ಪತ್ರಕರ್ತ ಬೇಕೆಂದೇ ತಪ್ಪು ತುಂಬಿದ ಪ್ರಬಂಧ ಬರೆದು 304 ಸಂಶೋಧನಾ ಪತ್ರಿಕೆಗಳಿಗೆ ಕಳಿಸಿದ. 157 ಪತ್ರಿಕೆಗಳು ಸಂತೋಷದಿಂದ ಸ್ವೀಕರಿಸಿದವು. ಅವನು ಕಳಿಸಿದ ಪತ್ರಿಕೆಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ನಮ್ಮ ದೇಶದವು. 2018ರ ಮೇ ತಿಂಗಳಲ್ಲಿ ಯುಜಿಸಿಯೇ ತಾನು ಒಪ್ಪಿದ ಪತ್ರಿಕೆಗಳ ಪಟ್ಟಿಯಿಂದ 4,305 ಪತ್ರಿಕೆಗಳನ್ನು ತೆಗೆದು ಹಾಕಿತು. ಅಷ್ಟನ್ನು ಸೇರಿಸಿದ್ದು ಯಾರು ಅಂತ ಕೇಳಬೇಡಿ.

ಈಗಂತೂ ಬರೆಯುವ ಕಷ್ಟವೂ ಇಲ್ಲ, ಚಾಟ್‌ಜಿಪಿಟಿಯಂಥದ್ದೇ ಬರೆದುಕೊಡುತ್ತದೆ. 2024ರಲ್ಲಿ ಲಿಥಿಯಂ ಬ್ಯಾಟರಿಯ ಮೇಲೆ ಒಂದು ಪ್ರಬಂಧ, ದೊಡ್ಡ ಪ್ರಕಾಶಕರ ಪತ್ರಿಕೆಯಲ್ಲಿ ಅಚ್ಚಾಯಿತು. ‘ಖಂಡಿತ, ನಿಮ್ಮ ವಿಷಯಕ್ಕೆ ಆಗಬಹುದಾದ ಒಂದು ಪೀಠಿಕೆ ಇಲ್ಲಿದೆ’ ಅಂತಲೇ ಅದರ ಪೀಠಿಕೆ ಶುರು. ಬರೆದವರು ಓದಲಿಲ್ಲ, ಪರಿಶೀಲಿಸಿದವರು ಓದಲಿಲ್ಲ, ಸಂಪಾದಕರು ಓದಲಿಲ್ಲ. ಹೊರಗಿನ ಓದುಗರು ನೋಡಿ ನಕ್ಕ ಮೇಲೆ ವಾಪಸು ಪಡೆದರು. ಹೊಸ ತಂತ್ರಜ್ಞಾನ ಒಂದು ಸಂಸ್ಥೆಯನ್ನು ಏನು ಮಾಡುತ್ತದೆ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಕೇಸ್ ಸ್ಟಡಿ ಸಿಗುತ್ತದೆಯೇ? ಗೈಡ್ ಸಾಹೇಬರಿಗೆ ಸೂಚಿಸಿದೆ. ‘ಬೇಡ, ಕಮಿಟಿಯಲ್ಲಿ ಪಾಸಾಗಲ್ಲ’ ಅಂದರು.

ಹುಡುಗಿಯ ಫಲಿತಾಂಶ ಬಂದಿದೆ. ತಂತ್ರಜ್ಞಾನಕ್ಕೂ ಸಂಸ್ಥೆಯ ಚುರುಕುತನಕ್ಕೂ ಗಣನೀಯ ಸಂಬಂಧ ಇದೆಯಂತೆ. ಸಿಬ್ಬಂದಿಗೆ ತರಬೇತಿ ಕೊಡಬೇಕು ಅಂತ ಶಿಫಾರಸು. ಅದನ್ನು ತಿಳಿಸಲು ಮಾಟುಂಗಾಕ್ಕೆ ಹೋದಾಗ ವೇಟರ್, ಬೈಂದೂರು ಕಡೆಯವನು, ತನ್ನ ಫೋನಿನ ಹಿಂಬದಿಗೆ ಸ್ವಂತದ ಕ್ಯೂಆರ್ ಅಂಟಿಸಿಕೊಂಡಿದ್ದ. ಬಿಲ್ಲಿನ ತಟ್ಟೆ ಇಡುವಾಗ ಫೋನನ್ನು ಸುಮ್ನೆ ಮಗುಚಿ ಪಕ್ಕದಲ್ಲಿಡುತ್ತಾನೆ. ತಿಳಿದವರು ಹತ್ತೋ ಇಪ್ಪತ್ತೋ ಹಾಕುತ್ತಾರೆ. ಹುಡುಗಿ ಅಲ್ಲಿಂದಲೇ ಗೈಡಿಗೆ ಫೋನ್ ಮಾಡಿದಳು. ಗೈಡ್ ಕುಣಿದಾಡಿಬಿಟ್ಟರು. ‘ಇನ್ನೊಂದು ಪೇಪರ್ ಆಯ್ತು! ಅವರಿಂದ ಫಾರಂ ತುಂಬಿಸು.’

ಅವಳು ವೇಟರನ್ನು ಕರೆದು ಮೊಬೈಲಿನಲ್ಲಿ ಫಾರಂ ತೆರೆದಳು. ‘ಅಣ್ಣ, ನಲವತ್ತೆರಡು ಪ್ರಶ್ನೆ, ಎರಡೇ ನಿಮಿಷ.’

ಅವನು ಫೋನ್ ಮಗುಚಿ ಅವಳ ಮುಂದಿಟ್ಟ. ‘ಮೊದ್ಲು ಸ್ಕ್ಯಾನ್ ಮಾಡಿ ಅಕ್ಕಾ, ಆಮೇಲೆ ಎಷ್ಟು ಬೇಕಾದ್ರೂ ಒಪ್ತೇನೆ.’